ಗಣಪನ ಸೊಂಡಿಲಿಗೆ ಹೊಲಿಗೆ ಎಲ್ಲಿ ಹಾಕಬೇಕು?

ಚೌತಿ ಹತ್ತಿರ ಬಂದರೆ ಮುಂಬೈನ ಗೋರೆಗಾಂವ್ ಕಡೆಯ ಸಣ್ಣ ಆನಿಮೇಷನ್ ಸ್ಟುಡಿಯೋಗಳಲ್ಲಿ ಗಣಪತಿಗಳದ್ದೇ ಕಾರುಬಾರು. ಕಂಪ್ಯೂಟರಿನಲ್ಲಿ ಮಾಡಿದ ಒಂದೇ 3ಡಿ ಮಾಡೆಲ್, ನಲವತ್ತು ಭಂಗಿ, ಒಂದೊಂದಕ್ಕೂ ಬೇರೆ ಪೀತಾಂಬರ. ಹೊಸ ಹುಡುಗರು ಎಲ್ಲವನ್ನೂ ಸ್ಕ್ರಿಪ್ಟಿಗೆ (ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂಗೆ) ಬಿಟ್ಟು ಚಹಾಕ್ಕೆ ಹೋಗುತ್ತಾರೆ. ವಾಪಸ್ ಬರುವಷ್ಟರಲ್ಲಿ ಜರಿ ಅಂಚು ಹೊಟ್ಟೆ ಮೇಲೆ ತುಂಡುತುಂಡಾಗಿ ಕೂತಿರುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿ ಬರೆಯುತ್ತಿದ್ದೇನೆ.

ಚಪ್ಪಟೆ ಚಿತ್ರವನ್ನು ಉಬ್ಬು ತಗ್ಗಿನ ಮಾಡೆಲ್ ಮೇಲೆ ಕೂರಿಸಬೇಕಾದರೆ ಮೊದಲು ಅದರ ಮೈಯನ್ನು ಬಿಚ್ಚಿ ಹಾಸಬೇಕು. ಇದೇ ಯುವಿ ಮ್ಯಾಪಿಂಗ್. ಎಕ್ಸ್, ವೈ, ಝಡ್ ಅನ್ನುವ ಅಕ್ಷಗಳ ಹೆಸರುಗಳು ಮಾಡೆಲ್‌ಗೇ ಖರ್ಚಾಗಿವೆ, ಹಾಗಾಗಿ ಚಿತ್ರಕ್ಕೆ ಯು ಮತ್ತು ವಿ. ನಾವು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡೋಣ. ದುಡ್ಡು ಕೊಡಬೇಕಿಲ್ಲ, ಸ್ಕ್ರಿಪ್ಟ್ ಬರೆಯುವ ಪೈಥಾನ್ ಭಾಷೆ ಒಳಗೇ ಇದೆ.

ಹಂತ 1: ಫೈಲಿನ ಇನ್ನೊಂದು ಕಾಪಿ ಇಟ್ಟುಕೊಳ್ಳಿ.

ಹಂತ 2: ಸ್ಕೇಲ್ ಅಪ್ಲೈ ಮಾಡಿಸಿ, ಅಂದರೆ ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನೇ ಮಾಡೆಲ್‌ನ ನಿಜ ಅಳತೆ ಮಾಡಿಸಿ. ಸ್ಕ್ರಿಪ್ಟಿನಲ್ಲಿ ಒಂದೇ ಸಾಲು. ಬಿಟ್ಟರೆ, ಉದ್ದಕ್ಕೆ ಎಳೆದ ಮಾಡೆಲ್‌ನಲ್ಲಿ ಚಿತ್ರವೂ ಎಳೆದುಕೊಳ್ಳುತ್ತದೆ.

ಹಂತ 3: ಸೀಮ್. ಎಲ್ಲರೂ ಎಡವುವುದು ಇಲ್ಲೇ. ಸೀಮ್ ಅಂದರೆ ಹೊಲಿಗೆಯ ಗೆರೆ. ಮೈ ಬಿಚ್ಚಿಕೊಳ್ಳುವುದು ಅಲ್ಲಿಂದಲೇ. ಡೊಂಬಿವಲಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ನಮ್ಮಮ್ಮ ಹೇಳುತ್ತಿದ್ದರು, “ಹೊಲಿಗೆ ಕಂಕುಳ ಕೆಳಗೆ ಹೋಗ್ಬೇಕು ಕಣೋ, ಎದುರಿಗಲ್ಲ.” ಗಣಪನಿಗೂ ಅದೇ ಲೆಕ್ಕ. ಸೊಂಡಿಲಿಗೆ ಅಡಿಭಾಗದಲ್ಲಿ ಬುಡದಿಂದ ತುದಿಯವರೆಗೆ ಒಂದು ಗೆರೆ, ತುದಿಯಲ್ಲಿ ಒಂದು ಉಂಗುರ. ಕಿವಿಗೆ ಹಿಂಬದಿ. ಹೊಟ್ಟೆಗೆ ಬೆನ್ನಿನ ನಡುವೆ.

ಕಿರೀಟ, ಪೀಠ ಸುಲಭ. ಅವುಗಳ ಮೂಲೆ ಚೂಪು. ಮಾಡೆಲ್ ಮೈಯ ಒಂದೊಂದು ಚಪ್ಪಟೆ ತುಣುಕು ಫೇಸ್, ಎರಡು ಫೇಸ್ ಸೇರುವ ಗೆರೆ ಎಡ್ಜ್. ಒಂದು ಫೇಸ್‌ನಿಂದ ಪಕ್ಕದ ಫೇಸ್‌ಗೆ ಬಾಗುವ ಕೋನ 60 ಡಿಗ್ರಿ ಮೀರಿದರೆ ಆ ಎಡ್ಜ್‌ಗೆ ಸೀಮ್ ಹಾಕು ಅಂತ ಸ್ಕ್ರಿಪ್ಟಿಗೆ ಹೇಳಿದರೆ ಸಾಕು. ಆದರೆ ಬ್ಲೆಂಡರ್‌ನ ಪೈಥಾನ್ ಕೋನವನ್ನು ರೇಡಿಯನ್‌ನಲ್ಲಿ ಅಳೆಯುತ್ತದೆ. ಸುಮ್ನೆ 60 ಅಂತ ಬರೆದರೆ ಒಂದೂ ಸೀಮ್ ಬೀಳುವುದಿಲ್ಲ. ಅಲ್ಲಿ ಕೋನ 3.14 (ಅಂದರೆ 180 ಡಿಗ್ರಿ) ದಾಟುವುದೇ ಇಲ್ಲ. 60 ಡಿಗ್ರಿಗೆ 1.047 ಅಂತ ಬರೆಯಿರಿ.

ಸೊಂಡಿಲು ನುಣುಪು, ಅದರಲ್ಲಿ ಚೂಪು ಮೂಲೆಯೇ ಇಲ್ಲ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಂದು ಮಾಡೆಲ್‌ಗೆ ಕೂತು ಕೈಯಿಂದಲೇ ಸೀಮ್ ಹಾಕಿ. ಆ ಎಡ್ಜ್‌ಗಳ ಇಂಡೆಕ್ಸ್ ನಂಬರುಗಳನ್ನು ಸ್ಕ್ರಿಪ್ಟಿನಿಂದ ಒಂದು ಫೈಲಿಗೆ ಬರೆಸಿಟ್ಟುಕೊಳ್ಳಿ. ಉಳಿದ 39ರಲ್ಲಿ ಅದೇ ನಂಬರಿನ ಎಡ್ಜ್‌ಗಳಿಗೆ ಸ್ಕ್ರಿಪ್ಟೇ ಸೀಮ್ ಹಾಕಲಿ. ಇದನ್ನು ಆಬ್ಜೆಕ್ಟ್ ಮೋಡ್‌ನಲ್ಲೇ (ಮಾಡೆಲ್ ಅನ್ನು ಇಡಿಯಾಗಿ ಹಿಡಿಯುವ ಮೋಡ್) ಮಾಡಿ. ಅದರ ಫೇಸ್, ಎಡ್ಜ್ ತಿದ್ದುವ ಎಡಿಟ್ ಮೋಡ್‌ನಲ್ಲಿದ್ದರೆ ಬರೆದದ್ದು ನಿಲ್ಲುವುದಿಲ್ಲ.

ಕೈಯಿಂದ ಸೀಮ್ ಹಾಕಿದ ಮಾಡೆಲ್, ಈಗ ಹಾಕಬೇಕಾದ ಮಾಡೆಲ್, ಮೊದಲು ಎರಡರ ಎಡ್ಜ್‌ಗಳನ್ನೂ ಎಣಿಸಿ ನೋಡುವ ಸಾಲು ಸ್ಕ್ರಿಪ್ಟಿನಲ್ಲಿ ಇರಲೇಬೇಕು. ಎಣಿಕೆ ಬೇರೆಯಾದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ. ಯಾರೋ ನಡುವೆ ನಾಲ್ಕು ವರ್ಟೆಕ್ಸ್ (ಎಡ್ಜ್‌ಗಳು ಕೂಡುವ ಬಿಂದು) ಮರ್ಜ್ ಮಾಡಿದರೂ ನಂಬರು ಅದಲುಬದಲು. ನಮ್ಮಲ್ಲಿ ಒಮ್ಮೆ ಹೀಗಾಗಿ ಗಣಪನ ಕೆನ್ನೆ ಮೇಲೆ ಹೊಲಿಗೆ ಬಂದಿತ್ತು, ಥೇಟ್ ಮೀಸೆ.

ಬ್ಲೆಂಡರ್ ತಾನೇ ಕತ್ತರಿಸಿ ಹಾಸುವ ‘ಸ್ಮಾರ್ಟ್ ಯುವಿ ಪ್ರಾಜೆಕ್ಟ್’ ಒತ್ತಿದರೆ ಆಗಲ್ವಾ ಅಂತ ಕೇಳುತ್ತೀರಿ. ಕಲ್ಲು, ಪೆಟ್ಟಿಗೆ, ದೂರದ ಕಟ್ಟಡಕ್ಕೆ ಆಗುತ್ತದೆ. ಸೊಂಡಿಲನ್ನು ಮಾತ್ರ ಅದು ಹೋಳು ಮಾಡಿ ಹಾಕುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಆಗುತ್ತೆ ಅನ್ನುವ ಆ್ಯಡ್-ಆನ್ ಒಂದಕ್ಕೆ ನಾನೂ ದುಡ್ಡು ಹಾಕಿದ್ದೆ. ಮಾಡಿದ್ದು ಇದೇ ಕೆಲಸ, ಬಟನ್ ಬಣ್ಣ ಮಾತ್ರ ಚೆನ್ನಾಗಿತ್ತು.

ಹಂತ 4: ಎಡಿಟ್ ಮೋಡ್, ಎಲ್ಲ ಸೆಲೆಕ್ಟ್, ಆಮೇಲೆ ಬಿಚ್ಚಿ ಹಾಸುವ ಆಜ್ಞೆ ಅನ್‌ರ‍್ಯಾಪ್. ಸೆಲೆಕ್ಟ್ ಆಗದ ಫೇಸ್ ಬಿಚ್ಚಿಕೊಳ್ಳುವುದಿಲ್ಲ, ಅಷ್ಟೆ.

ಹಂತ 5: ಬಿಚ್ಚಿಕೊಂಡ ತುಂಡುಗಳ ಅಳತೆ ಸಮ ಮಾಡಿಸಿ, ಚಿತ್ರದ ಚೌಕದೊಳಗೆ ಪ್ಯಾಕ್ ಮಾಡಿಸಿ. ನಡುವೆ ಜಾಗ ಬಿಡಿ. 2048 ಪಿಕ್ಸೆಲ್ ಚಿತ್ರಕ್ಕೆ ನಾನು ಎಂಟು ಪಿಕ್ಸೆಲ್‌ಗಿಂತ ಕಡಿಮೆ ಬಿಡುವುದಿಲ್ಲ. ಜಿಪುಣತನ ಮಾಡಿದರೆ ಮಾಡೆಲ್ ದೂರ ಹೋದಾಗ ಪಕ್ಕದ ಬಣ್ಣ ಹೊಲಿಗೆಯಲ್ಲಿ ಇಣುಕುತ್ತದೆ.

ಹಂತ 6: ಪೀತಾಂಬರಕ್ಕೆ ಆತುರ ಬೇಡ. ಮೊದಲು ಬ್ಲೆಂಡರ್‌ನದೇ ಬಣ್ಣದ ಚೌಕಗಳ ಚಿತ್ರ ಹಾಕಿ, ಮಾಡೆಲ್ ತಿರುಗಿಸಿ. ಚೌಕಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಳತೆ ಇರಬೇಕು. ಸೊಂಡಿಲ ತುದಿಯಲ್ಲಿ ಎಳೆದ ಹಾಗೆ ಕಂಡರೆ ಉಂಗುರ ಮರೆತಿದ್ದೀರಿ. ಮೂರನೇ ಹಂತಕ್ಕೆ ವಾಪಸ್ ಹೋಗಿ.