ಮೊದಲು ಒಪ್ಪಂದ, ಆಮೇಲೆ ಕೋಡ್

ಮೊಬೈಲ್ ಆ್ಯಪ್ ಬರೆಯುವವರು ಪುಸ್ತಕದ ಪ್ರಕಟಣೆಯ ವರ್ಷವನ್ನು ಅಕ್ಷರಗಳಾಗಿ ಕಳಿಸುತ್ತಾರೆ, ಸರ್ವರ್ ಬರೆಯುವವರು ಅದನ್ನು ಸಂಖ್ಯೆಯೆಂದುಕೊಂಡಿರುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಹಿಂದೆ ನಾನಿದ್ದ ತಂಡವೊಂದರಲ್ಲಿ ಇಂಥ ಒಂದೇ ಒಂದು ವ್ಯತ್ಯಾಸವನ್ನು ಹುಡುಕಲು ಎರಡು ದಿನ ಹಿಡಿಯಿತು. ಕೈಪಿಡಿ ಹೇಳುತ್ತಿದ್ದುದು ಒಂದು, ಕೋಡ್ ಮಾಡುತ್ತಿದ್ದುದು ಇನ್ನೊಂದು.

ಆ್ಯಪ್ ಏನು ಕಳಿಸಬೇಕು, ಸರ್ವರ್ ಏನು ಉತ್ತರಿಸಬೇಕು ಎಂಬ ಒಪ್ಪಂದವನ್ನು ಮೊದಲು ಬರೆದು, ಆ ಬರಹವೇ ಸರ್ವರನ್ನು ನಡೆಸುವಂತೆ ಮಾಡಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಒಪ್ಪಂದ ಬರೆಯುವ ಪದ್ಧತಿಗೆ ಓಪನ್‌ಎಪಿಐ ಎಂದು ಹೆಸರು (ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿಯೇ ಎಪಿಐ). ಮೊದಲು ಸ್ವಾಗರ್ ಎನಿಸಿಕೊಂಡಿದ್ದ ಇದು 2015ರಲ್ಲಿ ಮುಕ್ತ ತಂತ್ರಾಂಶಗಳನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್ ಆಶ್ರಯಕ್ಕೆ ಬಂದಿತು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇದನ್ನು ಜಾರಿಗೆ ತಂದುಕೊಡುವುದು ‘ಕನೆಕ್ಷನ್’ ಎಂಬ ಚೌಕಟ್ಟು (ಫ್ರೇಮ್‌ವರ್ಕ್). ಬರ್ಲಿನ್ನಿನ ಝಲಾಂಡೊ ಕಂಪನಿಯಲ್ಲಿ ಹುಟ್ಟಿದ ಈ ಮುಕ್ತ ತಂತ್ರಾಂಶದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ct’ ಬದಲು ‘x’ ಬರುತ್ತದೆ (Connexion). ಹುಡುಕುವಾಗ ನೆನಪಿರಲಿ.

ಊರಿನ ಗ್ರಂಥಾಲಯಕ್ಕೆ ಪುಸ್ತಕ ಸೇರಿಸುವ ಸೇವೆಯೊಂದನ್ನು ಕಟ್ಟೋಣ. ಮೊದಲು ಪೈಥಾನ್ ತಂತ್ರಾಂಶಗಳನ್ನು ತಂದುಕೊಡುವ ಪಿಪ್ ಮೂಲಕ ಕನೆಕ್ಷನ್ ಅನ್ನು ಅಳವಡಿಸಿಕೊಳ್ಳಿ. ಜೊತೆಗೆ ಫ್ಲಾಸ್ಕ್ (ವೆಬ್ ಚೌಕಟ್ಟು), ಸ್ವಾಗರ್ ಯುಐ (ಕೈಪಿಡಿ ತೋರಿಸುವ ಪುಟ), ಯುವಿಕಾರ್ನ್ (ಸೇವೆಯನ್ನು ಓಡಿಸುವ ಸರ್ವರ್) ಎಂಬ ಮೂರು ಹೆಚ್ಚುವರಿಗಳನ್ನೂ ಕೇಳಿ.

ಎರಡನೆಯದು ಒಪ್ಪಂದದ ಯಾಮಲ್ ಕಡತ, ಅಂದರೆ ಒಳಸರಿಸಿದ ಸಾಲುಗಳಲ್ಲಿ ಮಾಹಿತಿ ಬರೆಯುವ ಸರಳ ಪಠ್ಯ ಕಡತ. ಇದಕ್ಕೆ ಸಾಕಷ್ಟು ಸಮಯ ಕೊಡಿ, ಆ್ಯಪ್ ತಂಡದವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ವಿಳಾಸಕ್ಕೆ ಪೋಸ್ಟ್ ಕೋರಿಕೆ (ಮಾಹಿತಿ ಹೊತ್ತು ತರುವ ಕೋರಿಕೆ) ಬರುತ್ತದೆ, ಅದರಲ್ಲಿ ಏನೇನಿರಬೇಕು, ಉತ್ತರ ಹೇಗಿರುತ್ತದೆ ಎಂದು ಬರೆಯಿರಿ. ಶೀರ್ಷಿಕೆ ಕಡ್ಡಾಯ, ಅದು ಸ್ಟ್ರಿಂಗ್ (ಅಕ್ಷರಗಳ ಸಾಲು); ವರ್ಷ ಇಂಟಿಜರ್ (ಪೂರ್ಣಾಂಕ). ಸಾಲುಗಳನ್ನು ಒಳಸರಿಸಲು ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಒತ್ತಿದರೆ ಕಡತ ಓದಲಾಗದೆ ನಿಲ್ಲುತ್ತದೆ. ‘ಆಪರೇಶನ್ ಐಡಿ’ ಎಂಬಲ್ಲಿ ಪೈಥಾನ್ ಕಡತದ ಹೆಸರು, ಚುಕ್ಕಿ, ಕೋರಿಕೆಯನ್ನು ನಿಭಾಯಿಸುವ ಫಂಕ್ಷನ್ ಹೆಸರು ಕೊಡಿ. ಬರಹವನ್ನೂ ಕೋಡನ್ನೂ ಬೆಸೆಯುವ ಕೊಂಡಿ ಇದೇ.

ಮೂರನೆಯದಾಗಿ, ಅದೇ ಹೆಸರಿನ ಫಂಕ್ಷನ್ ಬರೆಯಿರಿ. ಬಂದ ಮಾಹಿತಿ ‘ಬಾಡಿ’ ಎಂಬ ಹೆಸರಿನಲ್ಲಿ ಅದರ ಕೈಗೆ ಸಿಗುತ್ತದೆ. ಕನೆಕ್ಷನ್ ಒದಗಿಸುವ ಫ್ಲಾಸ್ಕ್‌ಆ್ಯಪ್ ತಯಾರಿಸಿ, ‘ಆ್ಯಡ್ ಎಪಿಐ’ಗೆ ಯಾಮಲ್ ಕಡತದ ಹೆಸರು ಕೊಟ್ಟು, ಓಡಿಸಿ.

ಈಗ ಬ್ರೌಸರಿನಲ್ಲಿ ಸರ್ವರಿನ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಯುಐ’ (/ui) ಎಂದು ಸೇರಿಸಿದರೆ ನಿಮ್ಮ ಸೇವೆಯ ಕೈಪಿಡಿ ತೆರೆದುಕೊಳ್ಳುತ್ತದೆ. ಅಲ್ಲಿಂದಲೇ ವರ್ಷವನ್ನು ಉದ್ಧರಣ ಚಿಹ್ನೆಯೊಳಗೆ "1998" ಎಂದು ಕಳಿಸಿ ನೋಡಿ. 400ರ ದೋಷ (ಕೋರಿಕೆಯೇ ತಪ್ಪು ಎಂಬ ಸೂಚನೆ) ಬರುತ್ತದೆ, ‘1998’ ಇಂಟಿಜರ್ ಅಲ್ಲ ಎಂಬ ವಿವರಣೆಯ ಸಮೇತ. ಫಂಕ್ಷನ್ನಿನ ಹೊಸ್ತಿಲನ್ನೂ ಆ ಕೋರಿಕೆ ದಾಟಿರುವುದಿಲ್ಲ. ತಪಾಸಣೆಗೆಂದು ನೀವು ಒಂದು ಸಾಲೂ ಬರೆದಿಲ್ಲ. ನಮ್ಮ ಎರಡು ದಿನಗಳನ್ನು ನುಂಗಿದ ತಪ್ಪು ಇಲ್ಲಿ ಮೊದಲ ಕೋರಿಕೆಯಲ್ಲೇ ಸಿಕ್ಕಿಬೀಳುತ್ತದೆ.

ಉತ್ತರಗಳಿಗೂ ಇದೇ ಶಿಸ್ತು ಬೇಕಿದ್ದರೆ ‘ವ್ಯಾಲಿಡೇಟ್ ರೆಸ್ಪಾನ್ಸಸ್’ ಆಯ್ಕೆಯನ್ನು ಟ್ರೂ ಮಾಡಿ. ಆಗ ಒಪ್ಪಂದ ಮೀರಿದ ಉತ್ತರವನ್ನು ನಿಮ್ಮ ಕೋಡೇ ಕೊಟ್ಟರೂ ಅದು 500ರ ದೋಷವಾಗುತ್ತದೆ, ಅಂದರೆ ತಪ್ಪು ಸರ್ವರಿನದು. ಇನ್ನು ಫಂಕ್ಷನ್ ಸಿದ್ಧವಾಗುವ ತನಕ ಆ್ಯಪ್ ತಂಡ ಕೈಕಟ್ಟಿ ಕೂರಬೇಕಿಲ್ಲ: ಒಪ್ಪಂದದಲ್ಲಿ ಮಾದರಿ ಉತ್ತರ ಬರೆದಿಟ್ಟು, ಕನೆಕ್ಷನ್ನನ್ನು ‘ಮಾಕ್’ ಆಯ್ಕೆಯೊಂದಿಗೆ ಓಡಿಸಿದರೆ ಅದೇ ಮಾದರಿ ಅವರಿಗೆ ಉತ್ತರವಾಗಿ ಹೋಗುತ್ತದೆ.