ಮಲೆನಾಡಿನ ಮನೆಗೆ ದೊಡ್ಡ ಟಾಪ್ ಲೋಡ್ ವಾಷಿಂಗ್ ಮೆಷಿನ್: ಅಳೆಯುವುದು, ಕೂರಿಸುವುದು, ತುಂಬುವುದು

ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬಟ್ಟೆ ಒಣಗಿಸಲು ಉಳಿಯುವುದು ಹಂಡೆ ಒಲೆಯ ಮೇಲಿನ ಹಗ್ಗ ಒಂದೇ. ಆರೂವರೆ ಕೆ.ಜಿ. ಮೆಷಿನ್ ನಾಲ್ಕು ಜನರ ದಿನದ ಬಟ್ಟೆಗೆ ಸಾಕು. ಆದರೆ ಡಬಲ್ ರಗ್ಗು ಹಾಕಿದರೆ ಅದು ತಿರುಗದೆ ಟಬ್ಬಿನಲ್ಲಿ ಮುದ್ದೆಯಾಗಿ ಕೂರುತ್ತದೆ. ಹಾಗಾಗಿ ಈಗ ಬರುತ್ತಿರುವ 10, 11, 12 ಕೆ.ಜಿ.ಯ, ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್‌ಗಳು ನಮ್ಮ ಕಡೆಗೆ ಹೇಳಿ ಮಾಡಿಸಿದಂತಿವೆ. ಮನೆಯಲ್ಲಿ ಮೂರೇ ಜನ ಇದ್ದರೂ ದೊಡ್ಡದೇ ಇರಲಿ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಜನ ಅಲ್ಲ, ಹೊದಿಕೆ.

ಮುಂದಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್ ನಿಮಿಷಕ್ಕೆ 1200ರಿಂದ 1400 ಸುತ್ತಿನಲ್ಲಿ ಹಿಂಡುತ್ತದೆ, ಟಾಪ್ ಲೋಡ್ ಸಾಮಾನ್ಯವಾಗಿ 700ರ ಆಸುಪಾಸು. ಹಿಂಡುವುದರಲ್ಲಿ ಫ್ರಂಟ್ ಲೋಡೇ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಗಳಿಗೆಗೊಮ್ಮೆ ಕರೆಂಟ್ ಹೋಗಿ ಬರುವ ಊರಿನಲ್ಲಿ ಎರಡು ಗಂಟೆ ಮೀರಿ ಓಡುವ ಪ್ರೋಗ್ರಾಂ ಮುಗಿಯುವ ಭರವಸೆ ಏನು? ಟಾಪ್ ಲೋಡ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಕೆಲಸ ಮುಗಿಸುತ್ತದೆ, ನಡುವೆ ಮುಚ್ಚಳ ತೆಗೆದು ಮರೆತ ಪಂಚೆಯನ್ನೂ ಹಾಕಬಹುದು. ಮಂಡಿ ನೋವಿನವರು ಬಗ್ಗಬೇಕಿಲ್ಲ. ಕುಳ್ಳಗಿರುವವರಿಗೆ ಮಾತ್ರ ಟಬ್ಬಿನ ತಳದ ಕಾಲುಚೀಲ ಸಿಗುವುದು ಕಷ್ಟ. ಅಂಗಡಿಯಲ್ಲೇ ಕೈ ಇಳಿಸಿ ನೋಡಿಬಿಡಿ.

ಮೊದಲು ಬಾಗಿಲು ಅಳೆಯಿರಿ

ಈ ಗಾತ್ರದ ಮೆಷಿನ್ ಅಗಲ ಸಾಮಾನ್ಯವಾಗಿ 59ರಿಂದ 64 ಸೆಂ.ಮೀ. ಹಳೇ ಮನೆಗಳ ಬಚ್ಚಲು ಬಾಗಿಲು ಎರಡು ಅಡಿ, ಎಂದರೆ 61 ಸೆಂ.ಮೀ. ಅಳೆಯಬೇಕಾದದ್ದು ದಾರಂದದ ಒಳಗಿನ ಅಳತೆ, ತೆರೆದ ಬಾಗಿಲಿನ ದಪ್ಪವನ್ನೂ ಕಳೆದು. ಮೇಲೆ ಮುಚ್ಚಳ ಪೂರ್ತಿ ತೆರೆಯಲು ನೆಲದಿಂದ ಸುಮಾರು ನಾಲ್ಕೂವರೆಯಿಂದ ಐದು ಅಡಿ ಬಿಡುವಿರಲಿ. ಗೀಸರ್ ಪೈಪು, ಸೋಪಿನ ಹಲಗೆ ಅಡ್ಡ ಬರುವುದು ಇಲ್ಲೇ.

ನೀರು, ಬಟ್ಟೆ ಸೇರಿ ತೂಕ ನೂರು ಕೆ.ಜಿ. ದಾಟುತ್ತದೆ, ಹಿಂಡುವಾಗ ಅದುರುತ್ತದೆ. ಮರದ ಅಟ್ಟದ ಮೇಲೆ ಇಡಬೇಡಿ. ಬಚ್ಚಲಿನ ನೆಲ ನೀರು ಹೋಗಲು ಇಳಿಜಾರಾಗಿರುವುದರಿಂದ ಮಟ್ಟವಾದ ನಾಲ್ಕು ಇಂಚಿನ ಸಿಮೆಂಟ್ ಕಟ್ಟೆ ಹಾಕಿಸಿ. ಅದಕ್ಕಿಂತ ಎತ್ತರ ಬೇಡ.

ನೀರಿನ ಒತ್ತಡ: ಅರ್ಧ ತಕರಾರು ಇಲ್ಲೇ

ಬಹುತೇಕ ಮೆಷಿನ್‌ಗಳು ಕೇಳುವ ಕನಿಷ್ಠ ಒತ್ತಡ 0.3 ಬಾರ್. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್, ಹಾಗಾಗಿ 0.3 ಬಾರ್‌ಗೆ ಮೂರು ಮೀಟರ್, ಎಂದರೆ ಹತ್ತಡಿ ಬೇಕು. ಈ ಹತ್ತಡಿಯನ್ನು ಟ್ಯಾಂಕಿನ ತಳದಿಂದ ಮೆಷಿನ್ ಹಿಂಬದಿಯ ನೀರಿನ ಬಾಯಿಯವರೆಗೆ ಅಳೆಯಬೇಕು. ಒಂದೇ ಅಂತಸ್ತಿನ ಆರ್‌ಸಿಸಿ ಮನೆಯ ಮೇಲೆ ಸ್ಟ್ಯಾಂಡಿಲ್ಲದೆ ಸಿಂಟೆಕ್ಸ್ ಕೂರಿಸಿದ್ದರೆ ತಾರಸಿ ಹತ್ತಡಿ, ಮೆಷಿನ್ ಬಾಯಿ ಮೂರಡಿ, ಉಳಿದದ್ದು ಏಳೇ ಅಡಿ. ಸಾಲದು. ಟ್ಯಾಂಕನ್ನು ನಾಲ್ಕಡಿ ಎತ್ತರಿಸಿ, ಇಲ್ಲವೇ ಕಡಿಮೆ ಒತ್ತಡಕ್ಕೆಂದೇ ಮಾಡಿದ ಮಾಡೆಲ್ ಕೇಳಿ ತನ್ನಿ. ಪ್ರೆಷರ್ ಪಂಪ್ ಹಾಕಿಸುವುದು ಕೊನೆಯ ಮಾತು, ಕರೆಂಟ್ ಇಲ್ಲದಾಗ ಬಚ್ಚಲಿಗೂ ನೀರು ಬಾರದಂತಾಗುವುದು ಬೇಡ.

ತೋಟದ ಮನೆಗಳಲ್ಲಿ ಇದರ ತದ್ವಿರುದ್ಧ. ಗುಡ್ಡದ ಮೇಲಿನ ಹಳ್ಳದಿಂದ ಗ್ರಾವಿಟಿ ನೀರು ನೇರ ಪೈಪಿನಲ್ಲಿ ಬರುತ್ತದೆ. ಮೂಲ ಮನೆಗಿಂತ 250 ಅಡಿ ಮೇಲಿದ್ದರೆ, ಎಲ್ಲ ನಲ್ಲಿ ಮುಚ್ಚಿದಾಗ ಪೈಪಿನಲ್ಲಿರುವ ಒತ್ತಡ ಏಳೂವರೆ ಬಾರ್. ಹೆಚ್ಚಿನ ಮೆಷಿನ್‌ಗಳ ಮಿತಿ ಎಂಟು ಬಾರ್, ಅದರ ಅಂಚಿಗೇ ಬಂತು. ಅಂಥ ಕಡೆ ಇನ್‌ಲೆಟ್ ಪೈಪ್ ಕಿತ್ತು ಬರುತ್ತದೆ, ಇಲ್ಲವೇ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದೆ, ಆಫ್ ಆಗಿರುವ ಮೆಷಿನ್‌ನಲ್ಲೂ ರಾತ್ರಿಯಿಡೀ ನೀರು ತುಂಬುತ್ತದೆ. ಹಳ್ಳದ ನೀರು ಮೊದಲು ಮನೆಯ ಹತ್ತಿರದ ಟ್ಯಾಂಕಿಗೆ ಬಿದ್ದು, ಅಲ್ಲಿಂದ ಮೆಷಿನ್‌ಗೆ ಬರಲಿ. ಮರಳು, ಎಲೆಚೂರು ಅಲ್ಲೇ ತಂಗುವುದು ಇನ್ನೊಂದು ಲಾಭ. ಉಳಿದ ಕಸಕ್ಕೆ ನಲ್ಲಿಯ ಮುಂದೆ ತೊಳೆಯಲು ಬರುವ ಜಾಲರಿ ಫಿಲ್ಟರ್ ಹಾಕಿ.

ಮನೆಯ ನಲ್ಲಿ ಸಾಮಾನ್ಯವಾಗಿ ಅರ್ಧ ಇಂಚು, ಮೆಷಿನ್ ಪೈಪಿನ ತಿರುಪು ಮುಕ್ಕಾಲು ಇಂಚು. ಜೊತೆಗೆ ಕೊಡುವ ನಾಲ್ಕು ಸ್ಕ್ರೂ ಅಡಾಪ್ಟರ್ ಆರು ತಿಂಗಳಿಗೆ ಸಡಿಲವಾಗಿ ಜಿನುಗುತ್ತದೆ. ವಾಷಿಂಗ್ ಮೆಷಿನ್‌ಗೆಂದೇ ಬರುವ ನಲ್ಲಿ ಹಾಕಿಸಿದರೆ ಆ ಕಾಟ ಇಲ್ಲ.

ಹೊರಹೋಗುವ ಪೈಪಿನ ವಿಷಯದಲ್ಲಿ ನಿಮ್ಮದು ಪಂಪ್ ಇರುವ ಮಾಡೆಲ್ಲೋ ಇಲ್ಲದ್ದೋ ತಿಳಿದಿರಬೇಕು. ಪಂಪ್ ಇಲ್ಲದ್ದರಲ್ಲಿ ಪೈಪ್ ನೆಲದ ಮೇಲೇ ಇಳಿಜಾರಾಗಿ ಹೋಗಬೇಕು, ಹೊಸ್ತಿಲು ಹತ್ತಿಸಿದರೆ ನೀರು ಹೊರಡುವುದಿಲ್ಲ. ಪಂಪ್ ಇರುವುದರಲ್ಲಿ ಪೈಪನ್ನು ಮೂರಡಿಯಷ್ಟು ಮೇಲೆತ್ತಿ ಸಿಕ್ಕಿಸಬೇಕು. ನೆಲಕ್ಕೆ ಬಿಟ್ಟರೆ ಒಂದು ಕಡೆ ತುಂಬಿದ ನೀರು ಇನ್ನೊಂದು ಕಡೆ ತಾನೇ ಹರಿದುಹೋಗುತ್ತದೆ, ಮೆಷಿನ್ ತುಂಬಿಸುತ್ತಲೇ ಇರುತ್ತದೆ.

ಕರೆಂಟ್, ಇಲಿ, ಮಟ್ಟ

ಹೀಟರ್ ಇಲ್ಲದ ಮಾಡೆಲ್‌ಗೆ ನಾಲ್ಕೈದು ನೂರು ವ್ಯಾಟ್ ಸಾಕು. ಹೀಟರ್ ಇದ್ದರೆ ಎರಡು ಸಾವಿರದವರೆಗೆ, ಅದಕ್ಕೆ 16 ಆಂಪಿಯರ್ ಸಾಕೆಟ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಹಾಸನಕ್ಕೆ ಕರೆಂಟ್ ಕೊಡುವುದು ಚೆಸ್ಕಾಂ, ಚಿಕ್ಕಮಗಳೂರಿಗೆ ಮೆಸ್ಕಾಂ. ಯಾರದ್ದಾದರೂ ಆಗಲಿ, ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಏರಿಳಿತ ತಪ್ಪಿದ್ದಲ್ಲ, ಸ್ಟೆಬಿಲೈಜರ್ ಹಾಕಿ. ಅರ್ತಿಂಗ್ ಗುಂಡಿಯನ್ನು ಬೇಸಿಗೆಯಲ್ಲಿ ನೆನೆಸಿಡಿ. ಒದ್ದೆ ಕೈಗೆ ಮೆಷಿನ್ ಮೈ ಜುಮ್ ಎಂದರೆ ಅರ್ತಿಂಗ್ ಕೈಕೊಟ್ಟಿದೆ ಎಂದೇ ಲೆಕ್ಕ, ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ. ಅಂದಹಾಗೆ, ಮೆಷಿನ್ ಮೇಲೆ ‘ಇನ್ವರ್ಟರ್’ ಎಂದು ಬರೆದಿರುವುದು ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟಿಗೆ. ಮನೆಯ ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ಬಿಚ್ಚಿದ ದಿನವೇ ತಳದ ಥರ್ಮಾಕೋಲ್ ತೆಗೆದು, ಕೊಟ್ಟಿರುವ ಇಲಿ ತಡೆಯುವ ತಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸಿ. ‘ಆಮೇಲೆ ಹಾಕೋಣ’ ಎಂದರೆ ಮುಗಿಯಿತು, ಕಾಫಿ ಕಣದ ಪಕ್ಕದ ಮನೆಯಲ್ಲಿ ಇಲಿ ಮೊದಲ ಮಳೆಗೇ ಒಳಗೆ ಸೇರಿ ವೈರ್ ಕಡಿಯುತ್ತದೆ.

ಮಟ್ಟ ನೋಡಲು ಒಂದು ಸುಲಭ ದಾರಿ ಇದೆ. ಬಟ್ಟೆ ಹಾಕದೆ ಸ್ವಲ್ಪ ನೀರು ತುಂಬಿಸಿ ನಿಲ್ಲಿಸಿ. ಸ್ಟೀಲ್ ಡ್ರಮ್ಮಿನ ಗೋಡೆಯಲ್ಲಿ ತೂತುಗಳ ಸಾಲು ಇರುತ್ತದಲ್ಲ, ನೀರಿನ ಅಂಚು ಸುತ್ತಲೂ ಒಂದೇ ಸಾಲನ್ನು ಮುಟ್ಟುತ್ತಿದೆಯೇ ನೋಡಿ. ಒಂದು ಕಡೆ ಸಾಲು ಮುಳುಗಿ ಇನ್ನೊಂದು ಕಡೆ ಮೇಲಿದ್ದರೆ, ಮುಳುಗಿದ ಕಡೆಯ ಮುಂಗಾಲನ್ನು ತಿರುಗಿಸಿ ಎತ್ತರಿಸಿ. ಕೊನೆಗೆ ಲಾಕ್ ನಟ್ ಬಿಗಿ ಮಾಡಿ, ಎದುರುಬದುರು ಮೂಲೆಗಳನ್ನು ಅಂಗೈಯಿಂದ ಒತ್ತಿ. ಕದಲಬಾರದು.

ತುಂಬುವ ಲೆಕ್ಕ

10 ಕೆ.ಜಿ. ಎಂದರೆ ಒಣ ಬಟ್ಟೆಯ ತೂಕ, ಅದೂ ಹತ್ತಿ ಬಟ್ಟೆ. ಜೀನ್ಸ್ 600ರಿಂದ 800 ಗ್ರಾಂ, ಡಬಲ್ ಬೆಡ್‌ಶೀಟ್ 700ರಿಂದ 900, ಸ್ನಾನದ ಟವೆಲ್ 400ರ ಸುತ್ತ, ಅಂಗಿ 200ರಿಂದ 250. ಕೆ.ಜಿ. ಏನೇ ಹೇಳಲಿ, ಡ್ರಮ್ಮಿನ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಒತ್ತಿ ತುಂಬಬೇಡಿ. ಬಟ್ಟೆ ಮೇಲಿಂದ ಕೆಳಗೆ ಉರುಳಿದರೇ ಕೊಳೆ ಬಿಡುವುದು.

ರಗ್ಗಿಗೆ ಈ ಲೆಕ್ಕ ನಡೆಯುವುದಿಲ್ಲ. ನಾಲ್ಕು ಕೆ.ಜಿ.ಯ ಪಾಲಿಯೆಸ್ಟರ್ ರಗ್ಗು 10 ಕೆ.ಜಿ. ಮೆಷಿನ್‌ಗೆ ಒಂದೇ. ಎರಡು ಹಾಕಿದರೆ ತೂಕ ಹೊಂದುತ್ತದೆ, ಜಾಗ ಹೊಂದುವುದಿಲ್ಲ. ಮೊದಲು ಅಂಗಳದಲ್ಲಿ ಕೊಡವಿ. ಮಡಿಸಿ ಗಂಟಿನಂತೆ ಇಳಿಸಬೇಡಿ. ಉದ್ದಕ್ಕೆ ಸುರುಳಿ ಮಾಡಿ ಡ್ರಮ್ಮಿನ ಗೋಡೆಗುಂಟ ಸಿಂಬಿಯಂತೆ ಸುತ್ತಿಸಿ, ನಡುವೆ ಕುಳಿ ಉಳಿಯಲಿ. ಬ್ಲಾಂಕೆಟ್ ಪ್ರೋಗ್ರಾಂ ಹಾಕಿ ನೀರು ತುಂಬಿದ ಮೇಲೆ ನಿಲ್ಲಿಸಿ, ಅಂಗೈಯಿಂದ ಅದುಮಿ ಒಳಗಿನ ಗಾಳಿ ಬಿಡಿಸಿ. ಗಾಳಿ ಉಳಿದರೆ ರಗ್ಗು ತೇಲಿ ಡ್ರಮ್ಮಿನ ಬಾಯಿಗೆ ಉಜ್ಜಿ ಹರಿಯುತ್ತದೆ. ಹಿಂಡುವ ಮುನ್ನ ಇನ್ನೊಮ್ಮೆ ತೆರೆದು ಸುತ್ತ ಸಮನಾಗಿ ಹರಡಿ.

ಕುರಿ ಉಣ್ಣೆಯ ಕರಿ ಕಂಬಳಿಯನ್ನು ಮೆಷಿನ್‌ನಲ್ಲಿ ಒಗೆಯಲೇಬೇಡಿ. ಉಣ್ಣೆಯ ಎಳೆಗಳ ಮೇಲಿನ ಸಣ್ಣ ಪೊರೆಗಳು ಉಜ್ಜಾಟಕ್ಕೆ ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ತಣ್ಣೀರಲ್ಲಿ ಕೈಯಲ್ಲೇ ಅದ್ದಿ ತೊಳೆದು, ಕಡಿಮೆ ವೇಗದಲ್ಲಿ ಎರಡು ನಿಮಿಷ ಹಿಂಡಿಸಿಕೊಳ್ಳಿ. ಹತ್ತಿ ತುಂಬಿದ ರಜಾಯಿಗೂ ಮೆಷಿನ್ ಬೇಡ, ಹತ್ತಿ ಗಂಟುಗಟ್ಟುತ್ತದೆ.

ಮಳೆಕೋಟು, ಜರ್ಕಿನ್, ರಬ್ಬರ್ ಶೀಟು ಇವುಗಳ ವಿಷಯದಲ್ಲಿ ಹುಡುಗಾಟ ಸಲ್ಲದು. ನೀರು ಸೋರದ ಬಟ್ಟೆಯ ಮಡಿಕೆಯಲ್ಲಿ ನೀರು ಚೀಲದಂತೆ ನಿಲ್ಲುತ್ತದೆ. ವೇಗವಾಗಿ ತಿರುಗುವಾಗ ಅದು ಒಮ್ಮೆಲೆ ಒಡೆದು ಡ್ರಮ್ಮಿನ ತೂಕ ಒಂದು ಕಡೆಗೆ ವಾಲಿದರೆ ಮೆಷಿನ್ ಜಿಗಿಯುತ್ತದೆ. 2016ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸ್ಯಾಮ್ಸಂಗ್ ಸುಮಾರು 28 ಲಕ್ಷ ಟಾಪ್ ಲೋಡ್‌ಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿದ್ದು, ಹಿಂಡುವಾಗ ವಿಪರೀತ ಅದುರಿ ಮೇಲ್ಭಾಗ ಕಳಚುವ ಅಪಾಯಕ್ಕಾಗಿ. ಹೊದಿಕೆ ಮತ್ತು ನೀರು ತಡೆಯುವ ಬಟ್ಟೆಗಳಿಗೆ ಕಡಿಮೆ ವೇಗದ ಪ್ರೋಗ್ರಾಂ ಬಳಸಿ ಎಂದು ಆಗ ಸೂಚಿಸಿದ್ದರು. ಮಳೆಕೋಟಿಗೆ ಬಕೆಟ್ಟು, ಬ್ರಷ್ಷು, ಹಗ್ಗ. ಅಷ್ಟೇ.

ತೋಟದ ಬಟ್ಟೆಯ ಮಣ್ಣನ್ನು ಮೊದಲು ಬಕೆಟ್ಟಿನಲ್ಲಿ ಜಾಲಿಸಿ ಬಿಡಿಸಿ. ಜೇಬು ಹೊರಮಗುಚಿ. ಕಾಫಿ ಬೀಜ, ಮೊಳೆ, ಗುಟ್ಕಾ ಚೀಟಿ ಎಲ್ಲ ಡ್ರಮ್ಮಿನ ತಳದಲ್ಲಿ ತಿರುಗುವ ಬಿಲ್ಲೆಯ ಸಂದಿಗೆ ಸೇರುವಂಥವು. ಪ್ಯಾಂಟಿನ ಮಡಿಕೆ ಬಿಡಿಸಿದರೆ ಒಂದೆರಡು ಉಂಬಳ ಸಿಕ್ಕರೂ ಸಿಕ್ಕಾವು. ಉಂಬಳ ಕಚ್ಚಿದ ರಕ್ತದ ಕಲೆಗೆ ತಣ್ಣೀರೇ ಮೊದಲು, ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ.

ಸೋಪು ನೀರಿಗೆ ತಕ್ಕಂತೆ

ಬಾಟಲಿಯಲ್ಲಿ ಅರ್ಧ ನೀರು, ಸ್ವಲ್ಪ ಬಾರ್ ಸೋಪಿನ ಹೆರೆ ಹಾಕಿ ಕುಲುಕಿ. ಡಿಟರ್ಜೆಂಟ್ ಬೇಡ. ನೊರೆ ನಿಂತು ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬಾರದೆ ಮೊಸರೊಡೆದಂತೆ ಕಂಡರೆ ಗಡಸು. ಹಳ್ಳದ, ಮಳೆಯ ನೀರಿಗೆ ಪ್ಯಾಕೆಟ್ ಹೇಳುವ ಅಳತೆಯ ಅರ್ಧ ಸಾಕು. ಅರಸೀಕೆರೆ, ಕಡೂರಿನ ಕಡೆ ಗಡಸು ಬೋರ್‌ವೆಲ್ ನೀರಾದರೆ ಪೂರ್ತಿ ಅಳತೆ ಬೇಕು, ಸೋಪಿನ ಒಂದು ಪಾಲನ್ನು ಸುಣ್ಣದಂಶವೇ ನುಂಗುತ್ತದೆ. ಚಳಿಗಾಲದ ತಣ್ಣೀರಿಗೆ ಪೌಡರ್ ಸರಿಯಾಗಿ ಕರಗದೆ ಕರಿ ಬಟ್ಟೆಯ ಮೇಲೆ ಬಿಳಿ ಗೆರೆ ಬಿಡುತ್ತದೆ, ಟಾಪ್ ಲೋಡ್‌ನ ಲಿಕ್ವಿಡ್ ವಾಸಿ. ನೀರಿನಲ್ಲಿ ಕಬ್ಬಿಣದಂಶ ಇರುವ ಕಡೆ ಬ್ಲೀಚ್ ಹಾಕಿದರೆ ಬಿಳಿ ಪಂಚೆ ಬೆಳ್ಳಗಾಗುವ ಬದಲು ಕಂದಾಗುತ್ತದೆ.

ಸೋಪು ಹೆಚ್ಚಾಯಿತೇ ಎಂದು ತಿಳಿಯಲು, ಒಗೆದ ಬಟ್ಟೆಗೇ ಸೋಪಿಲ್ಲದೆ ಇನ್ನೊಮ್ಮೆ ಜಾಲಿಸಲು ಹಾಕಿ. ಐದು ನಿಮಿಷದಲ್ಲಿ ನೊರೆ ಎದ್ದರೆ ಮುಂದಿನ ಸಲ ಕಾಲುಭಾಗ ಕಡಿಮೆ ಮಾಡಿ.

ನಿಂತರೆ ಏನು ನೋಡಬೇಕು

ಎಲ್‌ಜಿಯಲ್ಲಿ ಐಇ, ಸ್ಯಾಮ್ಸಂಗ್‌ನಲ್ಲಿ 4ಸಿ ಬಂದರೆ ನೀರು ಬರುತ್ತಿಲ್ಲ. ನಲ್ಲಿ ಮುಚ್ಚಿ, ಪೈಪ್ ಬಿಚ್ಚಿ, ವಾಲ್ವಿನ ಬಾಯಿಯ ಬೆರಳುಗಾತ್ರದ ಜಾಲರಿಯನ್ನು ಇಕ್ಕಳದಿಂದ ಎಳೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇದು ಇದ್ದದ್ದೇ. ಓಇ ಅಥವಾ 5ಸಿ ಎಂದರೆ ನೀರು ಹೊರಹೋಗುತ್ತಿಲ್ಲ, ಪೈಪ್ ಮಡಚಿದೆಯೇ ನೋಡಿ. ಯುಇ ಎಂದರೆ ಬಟ್ಟೆ ಒಂದೇ ಕಡೆ ಕೂತಿದೆ. ಒಂದೇ ಟವೆಲ್ ಹಾಕಿದಾಗಲೂ ಇದು ಬರುತ್ತದೆ, ಇನ್ನೆರಡು ಬಟ್ಟೆ ಸೇರಿಸಿ.

ಒಣಗಿಸಲು ‘ಏರ್ ಡ್ರೈ’ ಒತ್ತಿದರೆ ಬಿಸಿಗಾಳಿ ಬರುತ್ತದೆಂದು ತಿಳಿಯಬೇಡಿ. ಸಾಮಾನ್ಯವಾಗಿ ಅದು ಬರೀ ಗಾಳಿ ಆಡಿಸುತ್ತ ತಿರುಗಿಸುವುದು. ಆದರೂ ಆರಿದ್ರಾದಿಂದ ಆಶ್ಲೇಷದವರೆಗೆ ಎರಡನೇ ಸಲ ಹಿಂಡಿಸುವುದು ಲಾಭವೇ. ಮೊದಲ ಸಲ ಆದಮೇಲೆ ಬಟ್ಟೆ ಬಿಡಿಸಿ ಹರಡಿ ಮತ್ತೆ ಹಾಕಿ, ಮುದ್ದೆಯೊಳಗಿನ ನೀರು ಆಗ ಹೊರಬರುತ್ತದೆ.

ತಿಂಗಳಿಗೊಮ್ಮೆ ಖಾಲಿ ಟಬ್ಬಿಗೆ ನೂರು ಗ್ರಾಂ ಡಿಸ್ಕೇಲಿಂಗ್ ಪೌಡರ್ ಹಾಕಿ ಟಬ್ ಕ್ಲೀನ್ ಓಡಿಸಿ. ನಿಂಬೆ ಉಪ್ಪೂ ಆಗುತ್ತದೆ. ಆದರೆ ಅದರ ಜೊತೆ ಬ್ಲೀಚ್ ಸೇರಬಾರದು, ವಿಷಗಾಳಿ ಏಳುತ್ತದೆ. ಎಳೆ ಹಿಡಿಯುವ ಫಿಲ್ಟರನ್ನು ಎರಡು ಮೂರು ಒಗೆತಕ್ಕೊಮ್ಮೆ ಮಗುಚಿ ತೊಳೆಯಿರಿ. ಕೆಲಸ ಮುಗಿದ ಮೇಲೆ ಮುಚ್ಚಳ ಒಂದೆರಡು ಗಂಟೆ ತೆರೆದಿರಲಿ, ಮನೆಯಲ್ಲಿ ಮಕ್ಕಳಿದ್ದರೆ ಆ ಹೊತ್ತು ಬಚ್ಚಲು ಬಾಗಿಲಿಗೆ ಚಿಲಕ. ನಲ್ಲಿ ಮುಚ್ಚಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳುವ ಮೊದಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರಷ್ಟೇ ಸಿಡಿಲಿನಿಂದ ಮೆಷಿನ್ ಒಳಗಿನ ಸರ್ಕ್ಯೂಟ್ ಬೋರ್ಡ್ ಉಳಿಯುವುದಿಲ್ಲ.