ಹೊಸ ಫ್ಲಾಟ್‌ಗೆ ಸಿಲಿಂಡರಾ, ಪೈಪ್ ಗ್ಯಾಸಾ? ಟ್ರಾಲಿ ಕೂರಿಸುವ ಮೊದಲೇ ತೀರ್ಮಾನಿಸಿ

ಪುಣೆಯಲ್ಲಿ ಮನೆ ಬುಕ್ ಮಾಡಿದ ನಮ್ಮವರು ಟೈಲ್ಸ್ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತುತ್ತಾರೆ. ಒಲೆಗೆ ಯಾವ ಗ್ಯಾಸ್ ಅನ್ನೋದು ಮಾತ್ರ ಗೃಹಪ್ರವೇಶದ ಹಿಂದಿನ ವಾರ ನೆನಪಾಗುತ್ತದೆ. ಅಷ್ಟರಲ್ಲಿ ಗ್ರಾನೈಟ್ ಕಟ್ಟೆ ಮುಗಿದಿರುತ್ತದೆ, ಅದರ ಕೆಳಗೆ ಟ್ರಾಲಿ, ಅಂದರೆ ಪಾತ್ರೆ ಇಡುವ ಕಪಾಟು ಕೂತಿರುತ್ತದೆ. ಪೈಪ್ ದಾಟಿಸಲು ಎಲ್ಲಿ ತೂತು ಕೊರೆಯಬೇಕು ಅಂತ ಗ್ಯಾಸಿನವನಿಗೂ ಬಡಗಿಗೂ ಜಗಳ. ಪೊಸೆಷನ್‌ಗೆ ಒಂದೆರಡು ತಿಂಗಳು ಇರುವಾಗಲೇ ಈ ಕೆಲಸ ಮುಗಿಸಿ.

ಪೈಪಿನಲ್ಲಿ ಬರುವುದು ಯಾವ ಗ್ಯಾಸ್?

ಮೊದಲ ಪ್ರಶ್ನೆ ಇದು. ಬ್ರೋಷರ್‌ನಲ್ಲಿ ‘ಪೈಪ್ ಗ್ಯಾಸ್ ಸೌಲಭ್ಯ’ ಅಂತ ಎರಡು ಬೇರೆ ಬೇರೆ ವ್ಯವಸ್ಥೆಗೂ ಬರೆದಿರುತ್ತಾರೆ. ಒಂದು, ರಸ್ತೆಯಡಿಯ ಲೈನಿನಿಂದ ಬರುವ ನೈಸರ್ಗಿಕ ಅನಿಲ, ಅಂದರೆ ಪಿಎನ್‌ಜಿ. ಪುಣೆ, ಪಿಂಪ್ರಿ-ಚಿಂಚವಡದಲ್ಲಿ ಇದನ್ನು ಕೊಡುವುದು ಎಂಎನ್‌ಜಿಎಲ್ (ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಲಿಮಿಟೆಡ್) ಕಂಪನಿ. ಮುಂಬೈ, ಠಾಣೆ ಕಡೆ ಮಹಾನಗರ್ ಗ್ಯಾಸ್. ಇದರಲ್ಲಿ ಇರುವುದು ಮುಖ್ಯವಾಗಿ ಮೀಥೇನ್. ಇನ್ನೊಂದು ಗ್ಯಾಸ್ ಬ್ಯಾಂಕ್. ಕಾಂಪೌಂಡಿನ ಮೂಲೆಯಲ್ಲಿ ಜಾಲಿ ಹಾಕಿದ ಶೆಡ್, ಅದರೊಳಗೆ ಸಾಲಾಗಿ ದೊಡ್ಡ ಸಿಲಿಂಡರುಗಳು, ಅಲ್ಲಿಂದ ಪ್ರತಿ ಫ್ಲಾಟಿಗೂ ಪೈಪ್. ಇಲ್ಲಿ ಬರುವುದು ಅದೇ ಎಲ್‌ಪಿಜಿ, ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಅಡುಗೆಮನೆಯಲ್ಲಿ ನಿಂತು ಪೈಪು, ಮೀಟರು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಸೇಲ್ಸ್ ಹುಡುಗನನ್ನು ಕೇಳಿ ಪ್ರಯೋಜನವಿಲ್ಲ, ‘ಹೋ ಜಾಯೇಗಾ ಸರ್’ ಅಂತಾನೆ. ಸೈಟ್ ಎಂಜಿನಿಯರನ್ನು ಕೇಳಿ. ಅದಕ್ಕಿಂತ ಒಳ್ಳೆಯದು, ಅದೇ ರಸ್ತೆಯ ಹಳೆ ಸೊಸೈಟಿಯವರ ಗ್ಯಾಸ್ ಬಿಲ್ ಯಾವ ಕಂಪನಿಯದು ಅಂತ ನೋಡಿ. ವಾಘೋಲಿ, ರಾವೇತ್‌ನಂಥ ಬೆಳೆಯುತ್ತಿರುವ ಕಡೆ ಇನ್ನೊಂದನ್ನೂ ಕೇಳಬೇಕು: ಪೈಪ್ ಹಾಕಿದ್ದೀರಿ ಸರಿ, ಗ್ಯಾಸ್ ಬಿಟ್ಟಿದ್ದೀರಾ? ಲೈನ್ ಹಾಕಿ ಗ್ಯಾಸ್ ಬಿಡದೇ ಇರುವ ಕಟ್ಟಡದಲ್ಲಿ ನಿಮಗೆ ಸದ್ಯಕ್ಕೆ ಸಿಲಿಂಡರೇ ಗತಿ.

ಲೆಕ್ಕ ಹಾಕುವಾಗ

ಗ್ಯಾಸ್ ಬ್ಯಾಂಕ್ ಮೀಟರೂ ಪಿಎನ್‌ಜಿ ಮೀಟರೂ ಘನ ಮೀಟರಿನಲ್ಲೇ ಎಣಿಸುತ್ತವೆ. ‘ನಿಮ್ಮದು ಯೂನಿಟ್‌ಗೆ ಎಷ್ಟು, ನಮ್ಮದು ಎಷ್ಟು’ ಅಂತ ಲಿಫ್ಟಿನಲ್ಲಿ ಹೋಲಿಸುವವರು ಎಡವುವುದು ಇಲ್ಲೇ. ಒಂದು ಘನ ಮೀಟರ್ ಎಲ್‌ಪಿಜಿ ಆವಿಯಲ್ಲಿ ಅಷ್ಟೇ ಪಿಎನ್‌ಜಿಗಿಂತ ಎರಡೂವರೆ ಪಟ್ಟು ಶಾಖ ಇರುತ್ತದೆ. ಎರಡೂವರೆ ಪಟ್ಟು ದರ ಇದ್ದರೂ ಅದು ದುಬಾರಿಯೇನಲ್ಲ.

ಸುಲಭ ಲೆಕ್ಕ ಹೀಗಿದೆ. 14.2 ಕೆಜಿಯ ಒಂದು ಸಿಲಿಂಡರ್ ಕೊಡುವ ಶಾಖಕ್ಕೆ ಸುಮಾರು 18 ಘನ ಮೀಟರ್ ಪಿಎನ್‌ಜಿ ಬೇಕು. ಅಷ್ಟೇ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಿದರೆ ಸುಮಾರು 140 ಯೂನಿಟ್ ಕರೆಂಟ್. ಇವತ್ತಿನ ದರ ಹಾಕಿ ಗುಣಿಸಿ. ಕರೆಂಟಿನ ವಿಷಯದಲ್ಲಿ ಸ್ಲ್ಯಾಬ್ ಮರೆಯಬೇಡಿ. ಮಹಾರಾಷ್ಟ್ರದಲ್ಲಿ ತಿಂಗಳಿಗೆ 100 ದಾಟಿದರೆ ಒಂದು ದರ, 300 ದಾಟಿದರೆ ಇನ್ನೊಂದು. ಈಗಾಗಲೇ 250 ಯೂನಿಟ್ ಸುಡುವ ಮನೆಗೆ ಇಂಡಕ್ಷನ್‌ನ ಹೆಚ್ಚಿನ ಪಾಲು ಮೇಲಿನ ದರದಲ್ಲೇ ಬೀಳುತ್ತದೆ.

ಇನ್ನು ರೊಟ್ಟಿ. ಇಂಡಕ್ಷನ್ ಅನ್ನ, ಸಾರು, ಹಾಲಿಗೆ ಚೆನ್ನ. ಆದರೆ ಅಗಲವಾಗಿ ಬಡಿದ ಜೋಳದ ರೊಟ್ಟಿಗೆ ಅಂಚಿನವರೆಗೂ ಕಾವು ಸಿಗುವುದಿಲ್ಲ. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು ಬಿಟ್ಟೇಬಿಡಿ. ದಿನಾ ರೊಟ್ಟಿ ಆಗುವ ಮನೆಗೆ ಉರಿ ಬೇಕೇ ಬೇಕು. ಇಂಡಕ್ಷನ್ ಒಂದು ಸುಮ್ನೆ ಜೊತೆಗಿರಲಿ, ಜೆಸಿಬಿ ರಸ್ತೆ ಅಗೆದು ಗ್ಯಾಸ್ ಲೈನ್ ಕತ್ತರಿಸಿದ ದಿನ ಕೈ ಹಿಡಿಯುತ್ತದೆ. ಅದಕ್ಕೆ ಕಟ್ಟೆಯ ಮೇಲೆ 16 ಆಂಪಿಯರಿನ ಒಂದು ಸಾಕೆಟ್ ಈಗಲೇ ಹಾಕಿಸಿ.

ಸಿಲಿಂಡರ್ ಆದರೆ ಎಲ್ಲಿಡುತ್ತೀರಿ?

ಪುಣೆಯ ಫ್ಲಾಟುಗಳಲ್ಲಿ ಎಲ್ಲರ ಉತ್ತರ ಡ್ರೈ ಬಾಲ್ಕನಿ, ಅಂದರೆ ಅಡುಗೆಮನೆಗೆ ಹೊಂದಿಕೊಂಡ ಬಟ್ಟೆ ಒಗೆಯುವ ಜಾಗ. ಗಾಳಿ ಆಡುವ ಜಾಗ, ಸರಿ. ಆದರೆ ನೆಲ ನೋಡಿ. ಅಲ್ಲೇ ವಾಷಿಂಗ್ ಮಷಿನ್ನಿನ ನೀರು ಹೋಗುವ ಜಾಲಿ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿದು ಆ ಜಾಲಿಯಲ್ಲಿ ಇಳಿಯುತ್ತದೆ. ಸಿಲಿಂಡರನ್ನು ಜಾಲಿಯಿಂದ ದೂರ, ನೆಟ್ಟಗೆ ನಿಲ್ಲಿಸಿ. ವಾಷಿಂಗ್ ಮಷಿನ್ನಿನ ಸ್ವಿಚ್ ಪಕ್ಕವೂ ಬೇಡ. ಬಾಲ್ಕನಿಗೆ ಪೂರ್ತಿ ಗಾಜು ಹಾಕಿಸಿ ಮುಚ್ಚಿದವರು ಕೆಳಗಡೆ ಗಾಳಿಗೆ ದಾರಿ ಬಿಡಬೇಕು. ಟ್ರಾಲಿಯೊಳಗೆ ಇಡುವುದಾದರೆ ಬಾಗಿಲಿನ ಬುಡದಲ್ಲಿ ಜಾಲಿ ಕೊರೆಸಿ. ಬಡಗಿ ಅಂದ ಕೆಡುತ್ತದೆ ಅಂತಾನೆ, ಕೇಳಬೇಡಿ. ಪಿಎನ್‌ಜಿ ಇದಕ್ಕೆ ಉಲ್ಟಾ. ಹಗುರ, ಮೇಲಕ್ಕೇರುತ್ತದೆ. ಅದಕ್ಕೆ ಸೂರಿನ ಹತ್ತಿರ ಕಿಟಕಿ ಅಥವಾ ಎಕ್ಸಾಸ್ಟ್ ತೂತು ತೆರೆದಿರಬೇಕು.

ಸಿಲಿಂಡರ್ ತಗೊಳ್ಳುವಾಗ ಕುತ್ತಿಗೆಯ ಪಟ್ಟಿ ನೋಡಿ. ‘ಬಿ-28’ ಅಂತ ಇದ್ದರೆ 2028ರ ಏಪ್ರಿಲ್-ಜೂನ್‌ನಲ್ಲಿ ಅದರ ಪರೀಕ್ಷೆ ಆಗಬೇಕು. ‘ಎ’ ಅಂದರೆ ವರ್ಷದ ಮೊದಲ ಮೂರು ತಿಂಗಳು, ‘ಡಿ’ ಕೊನೆಯ ಮೂರು. ಗಡುವು ದಾಟಿದ್ದರೆ ವಾಪಸ್ ಕಳಿಸಿ.

ಒಲೆ ಕೊನೆಗೆ ಕೊಳ್ಳಿ

ಗ್ಯಾಸ್ ಯಾವುದು ಅಂತ ಗೊತ್ತಾಗುವವರೆಗೆ ಆಫರ್ ಇದೆ ಅಂತ ಒಲೆ ತರಬೇಡಿ. ಎಲ್‌ಪಿಜಿ ಒಲೆಯಲ್ಲಿ ಗ್ಯಾಸ್ ಚಿಮ್ಮುವ ಜೆಟ್‌ನ ತೂತು ಸಣ್ಣದು, ಪಿಎನ್‌ಜಿಯದು ದೊಡ್ಡದು. ಎಲ್‌ಪಿಜಿ ಒಲೆಗೆ ಪಿಎನ್‌ಜಿ ಕೊಟ್ಟರೆ ಉರಿ ಬಡಕಲು. ಪಿಎನ್‌ಜಿ ಒಲೆಗೆ ಸಿಲಿಂಡರ್ ಜೋಡಿಸಿದರೆ ಹಳದಿ ಜ್ವಾಲೆ ಭುಗಿಲೇಳುತ್ತದೆ, ಪಾತ್ರೆಗೆ ಮಸಿ ಹಿಡಿಯುತ್ತದೆ, ಅಪಾಯ ಕೂಡ. ಹಳೆ ಒಲೆ ಇದ್ದರೆ ಚಿಂತೆ ಬೇಡ, ಗ್ಯಾಸ್ ಚಾಲೂ ಮಾಡಲು ಬಂದವರ ಕೈಲೇ ಜೆಟ್ ಬದಲಿಸಿಕೊಳ್ಳಿ.

ಊರಿನ ಕನೆಕ್ಷನ್ ಇದ್ದರೆ

ವಿಜಯಪುರದಿಂದಲೋ ಹುಬ್ಬಳ್ಳಿಯಿಂದಲೋ ಬರುವವರು ಸಿಲಿಂಡರನ್ನು ಟೆಂಪೋದಲ್ಲಿ ಹೇರಿಕೊಂಡು ಬರಬೇಡಿ. ಊರಿನ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಡೆಪಾಸಿಟ್ ವಾಪಸ್ ತಗೊಳ್ಳಿ, ಕನೆಕ್ಷನ್ ಒಪ್ಪಿಸಿದ್ದಕ್ಕೆ ಟರ್ಮಿನೇಷನ್ ವೋಚರ್ ಎಂಬ ಚೀಟಿ ಬರೆಸಿಕೊಳ್ಳಿ. ಕೈಗೆ ಬರುವುದು ಕನೆಕ್ಷನ್ ತಗೊಂಡಾಗ ಕೊಟ್ಟ ಹಳೆ ವೋಚರಿನಲ್ಲಿ ಬರೆದಿರುವ ಮೊತ್ತ ಅಷ್ಟೇ. 2022ರ ಜೂನ್‌ನಿಂದ ಹೊಸ ಕನೆಕ್ಷನ್ನಿನ ಸಿಲಿಂಡರ್ ಡೆಪಾಸಿಟ್ 2,200 ರೂಪಾಯಿ ಆಗಿದೆ, ಅಪ್ಪನ ಕಾಲದ ವೋಚರಿಗೆ ಅಷ್ಟು ಸಿಗುವುದಿಲ್ಲ. ಪುಣೆಯಲ್ಲೇ ಮನೆ ಬದಲಿಸುವವರು ಏಜೆನ್ಸಿ ವರ್ಗಾಯಿಸಿಕೊಂಡರೆ ಸಾಕು.

ಪಿಎನ್‌ಜಿ ಅರ್ಜಿಗೆ ಆಧಾರ್ ಜೊತೆ ಇಂಡೆಕ್ಸ್ ಟೂ (ಮನೆ ನೋಂದಣಿಯ ದಾಖಲೆ) ಅಥವಾ ಕರೆಂಟ್ ಬಿಲ್ ಇಟ್ಟುಕೊಳ್ಳಿ. ಅದು ಚಾಲೂ ಆದ ಮೇಲೆ ಸಿಲಿಂಡರ್ ಕನೆಕ್ಷನ್ ಒಪ್ಪಿಸಿಬಿಡಿ, ಎರಡನ್ನೂ ಇಟ್ಟುಕೊಳ್ಳುವ ಯೋಚನೆ ಬೇಡ.

ನನ್ನನ್ನು ಕೇಳಿದರೆ, ಗ್ಯಾಸ್ ಬಿಟ್ಟಿರುವ ಪಿಎನ್‌ಜಿ ಲೈನ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟ್ ಕೆಟ್ಟ ದಿನ ಸಿಲಿಂಡರಿಗೆ ಕಾಯುವ ಕಷ್ಟದ ಮುಂದೆ ತಿಂಗಳಿಗೆ ನೂರಿನ್ನೂರರ ವ್ಯತ್ಯಾಸ ದೊಡ್ಡದಲ್ಲ. ಗ್ಯಾಸ್ ಅಗ್ಗ ಅಂತ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಮಾತ್ರ ಹಾಕಿಸಬೇಡಿ. ಮುಚ್ಚಿದ ಬಾತ್‌ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೇ ಬರುವುದಿಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಬೀಳುತ್ತಾರೆ.

ಚಾಲೂ ಮಾಡುವ ದಿನ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡಲು ಬಿಡಬೇಡಿ. ರಬ್ಬರ್ ಪೈಪಿನ ಮೇಲಿನ ತಾರೀಕು ನೋಡಿ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಎಲ್‌ಪಿಜಿ ಸೋರಿದರೆ 1906ಕ್ಕೆ ಫೋನ್ ಮಾಡಿ, ಅದನ್ನೂ ಮನೆಯಿಂದ ಹೊರಗೆ ಬಂದು. ಪೈಪ್ ಗ್ಯಾಸ್ ಆದರೆ ಕಂಪನಿಯ ತುರ್ತು ನಂಬರ್ ಬಾಗಿಲ ಹಿಂದೆ ಅಂಟಿಸಿ, ಮೀಟರಿನ ಮೊದಲ ರೀಡಿಂಗಿನ ಫೋಟೊ ತೆಗೆದಿಟ್ಟುಕೊಳ್ಳಿ.